ಮುಕ್ಕಾಲು ಪಾಯಿಂಟ್ ಪುರಾಣ

ಮೊದಲೆಲ್ಲ ಈ ವ್ಯವಹಾರ ಸಲೀಸಾಗಿತ್ತು. "ಎಷ್ಟು ಬಂತು?" ಅಂದರೆ "ಫಸ್ಟ್ ಕ್ಲಾಸು" ಅನ್ನುತ್ತಿದ್ದರು. ಅರವತ್ತು ದಾಟಿದೆ ಅಂತ ಅರ್ಥ. ಕೇಳಿದವರು ಹುಡುಗನ ಬೆನ್ನು ತಟ್ಟಿ ಮುಂದಕ್ಕೆ ಹೋಗುತ್ತಿದ್ದರು. "ಸೆಕೆಂಡ್ ಕ್ಲಾಸು" ಅಂದರೆ ಐವತ್ತರ ಮೇಲೆ, ಪರವಾಗಿಲ್ಲ. ಪರೀಕ್ಷೆ ದಿನ ಅವನಿಗೆ ಜ್ವರ ಇತ್ತು ಅಂತ ತಾಯಿ ಸೇರಿಸುತ್ತಿದ್ದಳು. "ಪಾಸು" ಅಂತ ಒಂದೇ ಮಾತು ಬಂದರೆ ಮುಂದೆ ಏನೂ ಕೇಳಬಾರದು, ಕೊಟ್ಟ ಕಾಫಿ ಕುಡಿದು ಏಳಬೇಕು. ಎಸ್ಸೆಸ್ಸೆಲ್ಸಿಗೆ 625, ಪಿಯುಸಿಗೆ 600. ಬಾಯಿಲೆಕ್ಕ ಬಲ್ಲವರು ಯಾರೂ ಗಲಿಬಿಲಿ ಆಗುತ್ತಿರಲಿಲ್ಲ.

ಈಗ ಕೇಳಿ ನೋಡಿ.

"ಏಳು ಪಾಯಿಂಟ್ ಐದು, ದೊಡ್ಡಪ್ಪ."

ದೊಡ್ಡಪ್ಪ ಗುಬ್ಬಿಯವರು. ತೆಂಗು, ಅಡಿಕೆ ಬಿಟ್ಟರೆ ಅವರಿಗೆ ಚೆನ್ನಾಗಿ ಗೊತ್ತಿರುವುದು ಪಂಚಾಂಗ. ಏಳೂವರೆ ಅಂದರೆ ಅವರ ಮಟ್ಟಿಗೆ ಸಾಡೇಸಾತಿ ಶನಿ ಒಂದೇ. "ಶನಿವಾರ ಎಳ್ಳೆಣ್ಣೆ ದೀಪ ಹಚ್ಚಿಸ್ತಿದೀಯೇನಮ್ಮ?" ಅಂತ ಹುಡುಗನ ತಾಯಿ ಕಡೆ ತಿರುಗುತ್ತಾರೆ.

"ಅಯ್ಯೋ, ಅದಲ್ಲ ಭಾವ. ಹತ್ತಕ್ಕೆ ಏಳೂವರೆ."

"ಹಂಗನ್ನು. ಎಪ್ಪತ್ತೈದು ಪರ್ಸೆಂಟು ಅಂದಂಗಾಯ್ತು."

ಹುಡುಗ ಫ್ಯಾನು ನೋಡುತ್ತಾ ಹೇಳುತ್ತಾನೆ: "ಎಪ್ಪತ್ತೈದೂ ಆಗಬಹುದು, ಅರವತ್ತೇಳೂವರೆನೂ ಆಗಬಹುದು ದೊಡ್ಡಪ್ಪ. ಕೇಳೋರು ಯಾರು ಅನ್ನೋದರ ಮೇಲೆ."

ದೊಡ್ಡಪ್ಪ ಈ ಉತ್ತರಕ್ಕೆ ತಲೆಹರಟೆ ಅಂತ ಹೆಸರಿಟ್ಟರು. ಆದರೆ ಹುಡುಗ ಹೇಳಿದ್ದು ಅಪ್ಪಟ ಸತ್ಯ.

ತುಮಕೂರು ಸೀಮೆಯವರಿಗೆ ಇದೆಲ್ಲ ಇಷ್ಟು ಹೊತ್ತಿಗೆ ಕರತಲಾಮಲಕ ಆಗಿರಬೇಕಿತ್ತು. ಊರೇ ಕಾಲೇಜುಗಳ ಊರು. ಸಿದ್ಧಗಂಗಾ ಇಂಜಿನಿಯರಿಂಗ್ ಕಾಲೇಜನ್ನು ಶಿವಕುಮಾರ ಸ್ವಾಮೀಜಿ ಶುರು ಮಾಡಿದ್ದು 1963ರಲ್ಲಿ. ತುಮಕೂರು ವಿಶ್ವವಿದ್ಯಾಲಯ ಬಂದದ್ದು 2004ರಲ್ಲಿ. ಗುಬ್ಬಿಯಲ್ಲಂತೂ ಚನ್ನಬಸವೇಶ್ವರ ಸ್ವಾಮಿಯ ಹೆಸರನ್ನು 1884ರಲ್ಲಿ ನಾಟಕ ಕಂಪನಿಗೆ ಇಟ್ಟಿದ್ದರು, ಈಗ ಅದೇ ಹೆಸರಿನ ಇಂಜಿನಿಯರಿಂಗ್ ಕಾಲೇಜೂ ಇದೆ. ಕಂಪನಿಯಲ್ಲೂ ರಾತ್ರಿಯೆಲ್ಲ ನಿದ್ದೆಗೆಟ್ಟು ಮಾತು ಬಾಯಿಪಾಠ ಮಾಡುತ್ತಿದ್ದರು, ಕಾಲೇಜಿನಲ್ಲೂ ಮಾಡುತ್ತಾರೆ. ಕೊನೆಗೆ ಎರಡೂ ಕಡೆ ಕೇಳುವುದು ಕಲೆಕ್ಷನ್ ಎಷ್ಟು ಅಂತ. ಇನ್ನು ಕುಣಿಗಲ್ ಹುಡುಗ ಬೆಳಿಗ್ಗೆ ಬಸ್ ಸ್ಟಾಂಡಿನಲ್ಲಿ ನಿಂತರೆ ಒಂದು ಕಡೆ ತುಮಕೂರು ಬಸ್ಸು, ಇನ್ನೊಂದು ಕಡೆ ಬೆಂಗಳೂರು ಬಸ್ಸು. ಯಾವುದು ಹತ್ತಿದರೂ ಇಳಿಯುವುದು ಒಂದು ಸಿಜಿಪಿಎ ಮುಂದೆ.

ಬೆಳಗಾವಿಯ ವಿಟಿಯು 2015ರಲ್ಲಿ ಆಯ್ಕೆ ಆಧಾರಿತ ಕ್ರೆಡಿಟ್ ಪದ್ಧತಿ ತಂದಿತು. ಅಂದಿನಿಂದ ಶುರುವಾದ ಪುರಾಣ ಇದು. ಲೆಕ್ಕ ನಿಜವಾಗಿ ನೋಡಿದರೆ ಏಳನೇ ಕ್ಲಾಸಿನದು. ಪ್ರತಿ ವಿಷಯಕ್ಕೂ ಒಂದು ತೂಕ ಇಟ್ಟಿರುತ್ತಾರೆ, ಅದು ಕ್ರೆಡಿಟ್ಟು. ಪಡೆದ ಅಂಕಕ್ಕೆ ಒಂದು ಅಕ್ಷರ, ಅಕ್ಷರಕ್ಕೆ ಒಂದು ಪಾಯಿಂಟು. ತೊಂಬತ್ತು ದಾಟಿದರೆ ಓ, 10 ಪಾಯಿಂಟು. ಎಂಬತ್ತರ ಮೇಲೆ ಎ ಪ್ಲಸ್, 9. ಎಪ್ಪತ್ತರ ಮೇಲೆ ಎ, 8. ಅರವತ್ತರ ಮೇಲೆ ಬಿ ಪ್ಲಸ್, 7. ಹೀಗೆ ಇಳಿಯುತ್ತಾ ನಲವತ್ತನ್ನು ಮುಟ್ಟಿ ಅಲ್ಲೇ ಏದುಸಿರು ಬಿಟ್ಟರೆ ಪಿ, 4. ಅದಕ್ಕೂ ಕೆಳಗಾದರೆ ಎಫ್, ಸೊನ್ನೆ. ಕ್ರೆಡಿಟ್ಟಿನಿಂದ ಪಾಯಿಂಟನ್ನು ಗುಣಿಸಿ, ಎಲ್ಲ ಕೂಡಿ, ಒಟ್ಟು ಕ್ರೆಡಿಟ್ಟಿನಿಂದ ಭಾಗಿಸಿದರೆ ಆ ಸೆಮಿಸ್ಟರಿನ ಎಸ್‌ಜಿಪಿಎ.

ನಮ್ಮ ಏಳೂವರೆ ಹುಡುಗನ ಮಾರ್ಕ್ಸ್ ಕಾರ್ಡನ್ನೇ ಬಿಚ್ಚೋಣ. ಗಣಿತ 4 ಕ್ರೆಡಿಟ್ಟು, ಬಂದದ್ದು 42 ಅಂಕ, ಪಿ, ಪಾಯಿಂಟು 4, ಗುಣಿಸಿದರೆ 16. ಇನ್ನೊಂದು 4 ಕ್ರೆಡಿಟ್ಟಿನ ವಿಷಯದಲ್ಲಿ ಎ ಬಂತು, 32. ಮೂರು ಮೂರು ಕ್ರೆಡಿಟ್ಟಿನ ಮೂರು ವಿಷಯಗಳಲ್ಲಿ 7, 9, 8 ಪಾಯಿಂಟು ಬಂದು 21, 27, 24 ಆದವು. ಒಂದೊಂದು ಕ್ರೆಡಿಟ್ಟಿನ ಎರಡು ಲ್ಯಾಬು, ಜೊತೆಗೆ ಸಾಂಸ್ಕೃತಿಕ ಕನ್ನಡ. ಮೂರರಲ್ಲೂ ಓ, ಮೂರು ಹತ್ತು. ಒಟ್ಟು 150. ಕ್ರೆಡಿಟ್ಟು 20. ಭಾಗಿಸಿ, 7.5.

ಆದರೆ ಅಮ್ಮ ಅಡುಗೆಮನೆಯಲ್ಲಿ ನಿಂತು ಬೇರೆಯೇ ಲೆಕ್ಕ ಹಾಕಿದ್ದಾಳೆ. ನಾಲ್ಕು, ಎಂಟು, ಏಳು, ಒಂಬತ್ತು, ಎಂಟು, ಆಮೇಲೆ ಮೂರು ಹತ್ತು, ಕೂಡಿದರೆ 66, ಎಂಟು ವಿಷಯ, ಎಂಟೂಕಾಲು ಬರಬೇಕಲ್ಲ? "ಮುಕ್ಕಾಲು ಪಾಯಿಂಟು ಎಲ್ಲಿಗೋಯ್ತೋ?" ಚಿಲ್ಲರೆ ಕಡಿಮೆ ತಂದ ಮಗನನ್ನು ಕೇಳುವ ದನಿಯಲ್ಲೇ ಕೇಳುತ್ತಾಳೆ. ಅದು ಎಲ್ಲಿಗೂ ಹೋಗಿಲ್ಲ ತಾಯಿ, ಗಣಿತದ ನಾಲ್ಕು ಕ್ರೆಡಿಟ್ಟಿನ ಕೆಳಗೆ ಸಿಕ್ಕಿಕೊಂಡಿದೆ. ಹುಡುಗ ಓ ತೆಗೆದದ್ದೆಲ್ಲ ಒಂದು ಕ್ರೆಡಿಟ್ಟಿನ ಕಡೆ, ಎಡವಿದ್ದು ನಾಲ್ಕು ಕ್ರೆಡಿಟ್ಟಿನ ಕಡೆ. ಗಣಿತದಲ್ಲಿ 4ರ ಬದಲು 7 ಬಂದಿದ್ದರೆ ಎಸ್‌ಜಿಪಿಎ 8.1ಕ್ಕೆ ಏರುತ್ತಿತ್ತು. ಕನ್ನಡದಲ್ಲಿ 10ರ ಬದಲು 7 ಬಂದಿದ್ದರೆ ಇಳಿಯುತ್ತಿದ್ದದ್ದು 7.35ಕ್ಕೆ ಮಾತ್ರ. ಅಷ್ಟೇ ಮೂರು ಪಾಯಿಂಟು, ಒಂದು ಕಡೆ ಅರ್ಧಕ್ಕಿಂತ ಹೆಚ್ಚು, ಇನ್ನೊಂದು ಕಡೆ ಚಿಟಿಕೆ. ಕನ್ನಡಕ್ಕೆ ಇಂಜಿನಿಯರಿಂಗಿನಲ್ಲಿ ಎಷ್ಟು ತೂಕ ಅಂತ ಯಾರಾದರೂ ಭಾಷಣ ಮಾಡುತ್ತಿದ್ದರೆ ಅವರಿಗೆ ಈ ಅಂಕಿ ಕೊಡಿ: ಈ ಸೆಮಿಸ್ಟರಿನ ಇಪ್ಪತ್ತರಲ್ಲಿ ಒಂದು.

ಅಕ್ಷರದ ತಮಾಷೆ ಇನ್ನೊಂದಿದೆ. ಎಪ್ಪತ್ತು ತೆಗೆದವನೂ ಎ, ಎಪ್ಪತ್ತೊಂಬತ್ತು ತೆಗೆದವನೂ ಎ. ಒಂಬತ್ತು ಅಂಕ ಹೆಚ್ಚು ತೆಗೆದವನಿಗೆ ಒಂದು ಕೂದಲೂ ಹೆಚ್ಚಿಲ್ಲ. ಆದರೆ ಅವನ ಪಕ್ಕದಲ್ಲಿ ಎಂಬತ್ತು ತೆಗೆದು ಕೂತವನು ಒಂದೇ ಅಂಕಕ್ಕೆ ಒಂದಿಡೀ ಪಾಯಿಂಟು ಮೇಲೆ. ಫಲಿತಾಂಶ ಬಂದ ವಾರದಲ್ಲಿ ರಿವ್ಯಾಲ್ಯುಯೇಶನ್‌ಗೆ ದುಡ್ಡು ಕಟ್ಟಲು ಓಡುವವರಲ್ಲಿ ಫೇಲಾದವರ ಜೊತೆಗೆ ಈ ಎಪ್ಪತ್ತೊಂಬತ್ತರ ಗಿರಾಕಿಗಳೂ ಇರುತ್ತಾರೆ. ಫೇಲಾದವನ ಮನೆಯಲ್ಲಿ ಅಳು ಒಂದು ದಿನಕ್ಕೆ ಮುಗಿಯುತ್ತದೆ. ಎಪ್ಪತ್ತೊಂಬತ್ತರವನ ಮನೆಯಲ್ಲಿ ರಿವ್ಯಾಲ್ಯುಯೇಶನ್ ಫಲಿತಾಂಶ ಬರುವವರೆಗೂ ಮೌನವ್ರತ.

ಇನ್ನು ಸಿಜಿಪಿಎ. ಅದು ಎಲ್ಲ ಸೆಮಿಸ್ಟರುಗಳ ಒಟ್ಟು ತೂಕ. ಇಲ್ಲೊಂದು ಭ್ರಮೆ ತಲೆಮಾರಿನಿಂದ ತಲೆಮಾರಿಗೆ ಬಂದಿದೆ: "ಕೊನೆ ಸೆಮ್‌ನಲ್ಲಿ ಎಳೆದುಬಿಡ್ತೀನಿ ಬಿಡಪ್ಪ." ಎಳೆಯಲಿ, ನೋಡೋಣ. ಪದವಿಗೆ ಒಟ್ಟು 160 ಕ್ರೆಡಿಟ್ಟು ಅಂತ ಹಿಡಿಯಿರಿ. ಏಳು ಸೆಮಿಸ್ಟರಿನಲ್ಲಿ 140 ಮುಗಿದಿವೆ, ಸಿಜಿಪಿಎ 6.9. ಕೊನೆಯ 20 ಕ್ರೆಡಿಟ್ಟಿನಲ್ಲಿ ಹುಡುಗ ಹತ್ತಕ್ಕೆ ಹತ್ತು ತೆಗೆದ, ಸರಸ್ವತಿಯೇ ಬಂದು ಪಕ್ಕದಲ್ಲಿ ಕೂತಳು ಅಂತಲೇ ಇಟ್ಟುಕೊಳ್ಳಿ. ಕೈಗೆ ಬರುವುದು 7.29. ಮೊದಲ ವರ್ಷ ಹಾಸ್ಟೆಲ್ ಸೇರಿದ ಖುಷಿಯಲ್ಲಿ ಕಳೆದುಕೊಂಡದ್ದನ್ನು ಸರಸ್ವತಿಯೂ ಪೂರ್ತಿ ತಂದುಕೊಡಲಾರಳು.

ಈ ಪಾಯಿಂಟನ್ನು ಪರ್ಸೆಂಟೇಜ್ ಮಾಡುವ ಕಥೆಗೆ ಬಂದರೆ ನಿಜವಾದ ನಾಟಕ ಶುರು. ವಿಟಿಯು 2015ರ ಪದ್ಧತಿಯಲ್ಲಿ ಸಿಜಿಪಿಎಯಿಂದ ಮುಕ್ಕಾಲು ಕಳೆದು ಹತ್ತರಿಂದ ಗುಣಿಸು ಅಂದಿತು. ಎಐಸಿಟಿಇ ಪಟ್ಟಿಯಲ್ಲೂ ಅದೇ ಲೆಕ್ಕ: 6.75 ಅಂದರೆ 60 ಪರ್ಸೆಂಟು, 7.75 ಅಂದರೆ 70. ಸಿಬಿಎಸ್‌ಇ ಹತ್ತನೇ ತರಗತಿಗೆ ಗ್ರೇಡು ಕೊಡುತ್ತಿದ್ದ ಕಾಲದಲ್ಲಿ 9.5ರಿಂದ ಗುಣಿಸು ಅಂದಿತ್ತು. ಅದಕ್ಕೆ ಕೊಟ್ಟ ಕಾರಣ, 91ರಿಂದ 100ರ ನಡುವೆ ತೆಗೆದ ಮಕ್ಕಳ ಅಂಕಗಳ ಐದು ವರ್ಷದ ಸರಾಸರಿ ಸುಮಾರು 95 ಬಂದಿತ್ತು ಅನ್ನುವುದು. ಯಾವ ಸೂತ್ರವೂ ಬೇಡ, ಸೊನ್ನೆ ಸೇರಿಸಿದರೆ ಸಾಕು ಅನ್ನುವವರೂ ಇದ್ದಾರೆ, ನಮ್ಮ ಗುಬ್ಬಿ ದೊಡ್ಡಪ್ಪನ ಥರ. ಹೀಗಾಗಿ ಎಂಟು ತೆಗೆದ ಹುಡುಗಿ ಒಂದು ಕೌಂಟರಿನಲ್ಲಿ 72.5, ಇನ್ನೊಂದರಲ್ಲಿ 76, ಮತ್ತೊಂದರಲ್ಲಿ 80.

ಅವಳು ಜರ್ಮನಿಗೆ ಎಂ.ಎಸ್. ಓದಲು ಅರ್ಜಿ ಹಾಕಿದರೆ ಮುಗಿದೇ ಹೋಯಿತು. ಅಲ್ಲಿ ಬವೇರಿಯನ್ ಸೂತ್ರ ಅಂತ ಒಂದಿದೆ. ಗರಿಷ್ಠ 10ರಿಂದ ನಿಮ್ಮ 8 ಕಳೆಯಿರಿ, 2. ಗರಿಷ್ಠ 10ರಿಂದ ಪಾಸಿನ 4 ಕಳೆಯಿರಿ, 6. ಎರಡನ್ನು ಆರರಿಂದ ಭಾಗಿಸಿ, ಮೂರರಿಂದ ಗುಣಿಸಿ, ಒಂದು ಕೂಡಿಸಿ. ಉತ್ತರ 2. ಜರ್ಮನಿಯಲ್ಲಿ 1 ಅಂದರೆ ಶ್ರೇಷ್ಠ, 4 ಅಂದರೆ ಬರೀ ಪಾಸು. ಆ ಲೆಕ್ಕದಲ್ಲಿ 2 ಅಂದರೆ ಒಳ್ಳೆಯದೇ. ಆದರೆ ಕುಣಿಗಲ್‌ನಲ್ಲಿರುವ ಅಜ್ಜಿಗೆ ಇದನ್ನು ಯಾರು ತಿಳಿಸಿ ಹೇಳುವುದು? "ಇಲ್ಲಿದ್ದಾಗ ಎಂಟು ತಗೀತಿದ್ದ ಮಗು, ಅಲ್ಲಿಗೆ ಕಾಗದ ಹಾಕ್ತಿದ್ದಂಗೆ ಎರಡಕ್ಕೆ ಬಂತಂತೆ. ದೃಷ್ಟಿ ತೆಗೀರಿ ಮೊದ್ಲು."

ಇದಕ್ಕೆಲ್ಲ ಯಾರನ್ನು ಬಯ್ಯುವುದು ಅಂತ ಕೇಳುವವರಿಗೆ ಒಂದು ಹೆಸರು ಕೊಡಬಲ್ಲೆ. ಅಮೆರಿಕದ ಯೇಲ್ ಕಾಲೇಜಿನ ಅಧ್ಯಕ್ಷ ಎಜ್ರಾ ಸ್ಟೈಲ್ಸ್. 1785ರಲ್ಲಿ 58 ವಿದ್ಯಾರ್ಥಿಗಳನ್ನು ಪರೀಕ್ಷಿಸಿ, ಇಪ್ಪತ್ತು ಜನ ಉತ್ತಮರು, ಹದಿನಾರು ಜನ ಎರಡನೇ ದರ್ಜೆಯ ಉತ್ತಮರು, ಹನ್ನೆರಡು ಜನ ಕೆಳಗಿನವರು, ಹತ್ತು ಜನ ತೀರಾ ಕೆಳಗಿನವರು ಅಂತ ದಿನಚರಿಯಲ್ಲಿ ಬರೆದಿಟ್ಟ ಪುಣ್ಯಾತ್ಮ. ಆಗ ನಮ್ಮಲ್ಲಿ ಟಿಪ್ಪು ಸುಲ್ತಾನ್ ಆಳುತ್ತಿದ್ದ. ಅವನ ಕಾಲದಲ್ಲಿ ಕುಣಿಗಲ್‌ನಲ್ಲಿ ದಂಡಿಗೆ ಬೇಕಾದ ಕುದುರೆ ಬೆಳೆಸುತ್ತಿದ್ದರು. ಕುದುರೆಗಳನ್ನು ಮಾತ್ರ ಉತ್ತಮ, ಅಧಮ ಅಂತ ವಿಂಗಡಿಸುತ್ತಿದ್ದ ಒಳ್ಳೆಯ ಕಾಲ ಅದು.

ಸರಾಸರಿಯ ಮಹಿಮೆ ಸರ್ಕಾರಕ್ಕೂ ಚೆನ್ನಾಗಿ ಗೊತ್ತು. 2021ರಲ್ಲಿ ಕೋವಿಡ್ ಕಾಟಕ್ಕೆ ಎರಡನೇ ಪಿಯುಸಿ ಪರೀಕ್ಷೆಯೇ ನಡೆಯಲಿಲ್ಲ. ಎಸ್ಸೆಸ್ಸೆಲ್ಸಿಯಿಂದ ಶೇ 45, ಮೊದಲ ಪಿಯುಸಿಯಿಂದ ಶೇ 45, ಕಾಲೇಜಿನ ಆಂತರಿಕ ಮೌಲ್ಯಮಾಪನದಿಂದ ಶೇ 10 ಅಂತ ಕೂಡಿಸಿ ಅಂಕ ಕೊಟ್ಟರು. ಎರಡು ಸಾವಿರಕ್ಕೂ ಹೆಚ್ಚು ಮಕ್ಕಳಿಗೆ 600ಕ್ಕೆ 600 ಬಂತು. ಬರೆಯದ ಪರೀಕ್ಷೆಯಲ್ಲಿ ನೂರಕ್ಕೆ ನೂರು ತೆಗೆಯುವ ಭಾಗ್ಯ ಅದಕ್ಕೆ ಮುಂಚೆ ನಮ್ಮ ಕಡೆ ಯಾರಿಗೂ ಸಿಕ್ಕಿರಲಿಲ್ಲ. ಮರುವರ್ಷ ಆ ಬ್ಯಾಚಿನ ಸಾವಿರಾರು ಮಂದಿ ಮತ್ತೆ ಸಿಇಟಿ ಬರೆದರು. ಸಿಇಟಿ ರ‍್ಯಾಂಕು ಅಂದರೆ ಅರ್ಧ ಸಿಇಟಿ ಅಂಕ, ಅರ್ಧ ಪಿಯುಸಿ ಅಂಕ. ಹೊಸಬರು ಬೆವರು ಸುರಿಸಿ ತೆಗೆದ ಅಂಕಕ್ಕೂ ಇವರ ಸರಾಸರಿ ಅಂಕಕ್ಕೂ ಒಂದೇ ಬೆಲೆಯೇ ಅಂತ ಜಗಳ ಎದ್ದು, ಹೈಕೋರ್ಟಿಗೆ ಹೋಗಿ, ಕೊನೆಗೆ ಹಳಬರ ಪಿಯುಸಿ ಅಂಕದಲ್ಲಿ ವಿಷಯಕ್ಕೆ ಸರಾಸರಿ 6 ಅಂಕ ಕಳೆದು ರಾಜಿ ಮಾಡಿದರು. ಸರಾಸರಿಯಿಂದ ಬಂದದ್ದನ್ನು ಸರಾಸರಿಯೇ ಕಿತ್ತುಕೊಂಡಿತು. ಗುಣಾಕಾರ, ಭಾಗಾಕಾರದ ಜೊತೆಗೆ ವ್ಯವಕಲನವೂ ಹೈಕೋರ್ಟಿನಲ್ಲಿ ನಡೆಯುತ್ತದೆ ಅಂತ ಮಕ್ಕಳಿಗೆ ಆಗ ತಿಳಿಯಿತು.

ನಮ್ಮ ಜಿಲ್ಲೆಗಂತೂ ಸರಾಸರಿಯಲ್ಲಿ ವಿಶೇಷ ಯೋಗ. ಬೇರೆ ಎಷ್ಟೋ ಜಿಲ್ಲೆಗಳಿಗೆ ಎಸ್ಸೆಸ್ಸೆಲ್ಸಿ ಫಲಿತಾಂಶದ ದಿನ ಒಂದೇ ಮರ್ಯಾದೆ, ನಮಗೆ ಎರಡು. ತುಮಕೂರು ಒಂದು ಶೈಕ್ಷಣಿಕ ಜಿಲ್ಲೆ, ಮಧುಗಿರಿ ಇನ್ನೊಂದು. ಯಾವುದು ಮೇಲೆ ಬಂತೋ ಆ ದಿನದ ಮಟ್ಟಿಗೆ ನಾವು ಆ ಕಡೆಯವರು. ಗುಬ್ಬಿ, ಕುಣಿಗಲ್ ಎರಡೂ ತುಮಕೂರಿನ ಲೆಕ್ಕಕ್ಕೆ ಸೇರುತ್ತವೆ. ಕುಣಿಗಲ್‌ನವರ ಅಂಕ ತುಮಕೂರಿಗೆ, ಲೋಕಸಭೆಗೆ ಹಾಕುವ ಓಟು ಬೆಂಗಳೂರು ಗ್ರಾಮಾಂತರಕ್ಕೆ. ಎರಡು ಕಡೆಯ ಸರಾಸರಿಗೂ ದುಡಿಯುವ ತಾಲ್ಲೂಕು ಅದು.

ಸರಿ, ಇಷ್ಟೆಲ್ಲ ಗುಣಿಸಿ ಭಾಗಿಸಿದ್ದು ಏನಕ್ಕೆ ಬರುತ್ತದೆ?

ಮೊದಲನೆಯದು ಕ್ಯಾಂಪಸ್ಸಿಗೆ ಬರುವ ಕಂಪನಿಗಳಿಗೆ. "ಹತ್ತು, ಪಿಯುಸಿ, ಡಿಗ್ರಿ, ಮೂರರಲ್ಲೂ ಅರವತ್ತು, ಬ್ಯಾಕ್‌ಲಾಗ್ ಇರಬಾರದು" ಅನ್ನುತ್ತಾರೆ. ಮುಕ್ಕಾಲು ಕಳೆಯುವ ಸೂತ್ರದಲ್ಲಿ 6.75 ಇದ್ದವನು ಒಳಗೆ ಕೂರುತ್ತಾನೆ, 6.74 ಇದ್ದವನು ಹೊರಗೆ ನಿಂತು ಒಳಗಿದ್ದವನ ಬ್ಯಾಗ್ ಕಾಯುತ್ತಾನೆ. ಕಾಯುವವನೇ ಕೂತವನಿಗೆ ರಾತ್ರಿಯೆಲ್ಲ ಕೋಡಿಂಗ್ ಹೇಳಿಕೊಟ್ಟಿರುತ್ತಾನೆ ಅನ್ನುವುದು ಬೇರೆ ಮಾತು.

ಎರಡನೆಯದು ಅಂಚೆ ಇಲಾಖೆ. ಹಳ್ಳಿ ಅಂಚೆಕಚೇರಿಯ ಗ್ರಾಮೀಣ ಡಾಕ್ ಸೇವಕ ಕೆಲಸಕ್ಕೆ ಪರೀಕ್ಷೆಯಿಲ್ಲ, ಹತ್ತನೇ ತರಗತಿ ಅಂಕವನ್ನೇ ನಾಲ್ಕು ದಶಮಾಂಶದವರೆಗೆ ತೂಗಿ ಪಟ್ಟಿ ಮಾಡುತ್ತಾರೆ. ಬಿ.ಇ. ಮುಗಿಸಿ ಅರ್ಜಿ ಹಾಕಿದವನಿಗೂ ಅಲ್ಲಿ ಕೇಳುವುದು ಹದಿನಾರನೇ ವಯಸ್ಸಿನ ಸಮಾಜ ವಿಜ್ಞಾನದ ಅಂಕ. ಮೂರನೆಯದು ಗ್ರಾಮಲೆಕ್ಕಿಗರ ಕೆಲಸ. ಮೊದಲು ಪಿಯುಸಿ ಅಂಕದ ಮೇಲೆಯೇ ಕೊಡುತ್ತಿದ್ದರು. 2024ರಲ್ಲಿ ಸಾವಿರ ಹುದ್ದೆಗೆ ಕೆಇಎ ಪರೀಕ್ಷೆ ಇಟ್ಟಿತು. ಹಳೆಯ ಅಂಕ ನಂಬಿ ಕೂತಿದ್ದವರು ಮತ್ತೆ ಪುಸ್ತಕ ಹಿಡಿದರು.

ನಾಲ್ಕನೆಯದು ಮದುವೆ. ಇಲ್ಲಿ ಯಾವ ಸೂತ್ರವೂ ಇಲ್ಲ, ಏಳನ್ನು ಎಂಟೂವರೆ ಮಾಡುವ ಹಕ್ಕು ಹುಡುಗನ ಸೋದರಮಾವನಿಗೆ ಹುಟ್ಟಿನಿಂದ ಬಂದಿರುತ್ತದೆ.

ಈ ಅಂಕಿಯ ಕಾಟಕ್ಕೆಲ್ಲ ಗುಬ್ಬಿ ಹುಡುಗರ ಬಳಿ ಒಂದು ರೆಡಿಮೇಡ್ ಅಸ್ತ್ರ ಇದೆ. "ಗುಬ್ಬಿ ವೀರಣ್ಣನವರಿಗೆ ಸಿಜಿಪಿಎ ಎಷ್ಟಿತ್ತು?" ಅಂತ ಕೇಳಿಬಿಡುತ್ತಾರೆ. ನಿಜ, ಚಿಕ್ಕ ಹುಡುಗನಾಗಿದ್ದಾಗಲೇ ಆ ನಾಟಕ ಕಂಪನಿ ಸೇರಿ ಬಣ್ಣ ಹಚ್ಚಿದವರು, ಕೊನೆಗೆ ಪದ್ಮಶ್ರೀ ಪಡೆದವರು. ಆದರೆ ಅಪ್ಪಂದಿರೇನು ಸಾಮಾನ್ಯರೇ? "ಸರಿ ಕಣೋ, ಅವರು ಸ್ಟೇಜಿನ ಮೇಲೆ ಆನೆ, ಕುದುರೆ ತಂದ್ರು. ನೀನು ನಿನ್ನ ರೂಮಿನ ಬಟ್ಟೆ ವಾಷಿಂಗ್ ಮಷೀನಿಗೆ ತಗಂಡೋಗು ನೋಡಣ." ವಾದ ಅಲ್ಲಿಗೆ ಮುಗಿಯುತ್ತದೆ.

ಈಗ ನಾನು ಹೇಳಬೇಕೆಂದಿದ್ದ ಮಾತು. ಸರಾಸರಿ ಅನ್ನುವುದನ್ನು ಮಾಡಿದ್ದೇ ಪುರುಸೊತ್ತಿಲ್ಲದವರಿಗಾಗಿ. ಕಂಪನಿಯ ಎಚ್‌ಆರ್ ಮೇಡಂ ಮುಂದೆ ಸಾವಿರಾರು ಅರ್ಜಿ ಬಿದ್ದಿರುತ್ತವೆ. ಪ್ರತಿಯೊಬ್ಬರ ಎಂಟು ಸೆಮಿಸ್ಟರಿನ ಮಾರ್ಕ್ಸ್ ಕಾರ್ಡು ಬಿಚ್ಚಿ, ಇವನು ಗಣಿತದಲ್ಲಿ ಸೊರಗಿದರೂ ಲ್ಯಾಬಿನಲ್ಲಿ ಹುಲಿ, ಇವಳು ಮೂರನೇ ಸೆಮ್‌ನಲ್ಲಿ ಬಿದ್ದು ಐದನೇ ಸೆಮ್‌ನಲ್ಲಿ ಎದ್ದವಳು ಅಂತ ಓದಿ ತಿಳಿಯಲು ಅವರಿಗೆ ಆಯಸ್ಸು ಸಾಲುವುದಿಲ್ಲ. ಅದಕ್ಕೇ ಒಂದೇ ಅಂಕಿ ಕೇಳುತ್ತಾರೆ, ಗೆರೆ ಎಳೆಯುತ್ತಾರೆ. ಅಂಚೆ ಇಲಾಖೆಯದೂ ಅದೇ ಪಾಡು. ಅವರ ಮೇಲೆ ನನಗೆ ಸಿಟ್ಟಿಲ್ಲ.

ನಮಗೇನು ಬಂದಿದೆ? ಮದುವೆಮನೆಯಲ್ಲಿ ಧಾರೆ ಮುಗಿದು, ಮೊದಲನೇ ಪಂಕ್ತಿ ತುಂಬಿ, ಎರಡನೇ ಪಂಕ್ತಿಗೆ ಕುರ್ಚಿ ದುಂಡಗೆ ಎಳೆದುಕೊಂಡು ಕೂತಿರುವ ನಮ್ಮಂಥವರಿಗೆ ಲೋಕದಲ್ಲಿ ಇಲ್ಲದ ಪುರುಸೊತ್ತು. ಪಕ್ಕದ ಮನೆಯ ಬೋರ್‌ವೆಲ್ ಎಷ್ಟು ಅಡಿಗೆ ನೀರು ಕೊಟ್ಟಿತು, ಎಷ್ಟನೇ ಅಡಿಗೆ ಕಲ್ಲು ಸಿಕ್ಕಿತು ಅಂತ ಅಡಿ ಅಡಿಯಾಗಿ ಕೇಳಿ ತಿಳಿದುಕೊಳ್ಳುವ ನಾವು, ಮನೆಯ ಹುಡುಗನ ನಾಲ್ಕು ವರ್ಷಕ್ಕೆ ಮಾತ್ರ ಒಂದೇ ಅಂಕಿ ಸಾಕು ಅನ್ನುತ್ತೇವೆ. ಅಷ್ಟು ಹೊತ್ತಿದ್ದಮೇಲೆ ಮಾರ್ಕ್ಸ್ ಕಾರ್ಡನ್ನೇ ತರಿಸಿ ಓದಬಹುದಲ್ಲ? ಯಾವ ವಿಷಯ ಯಾಕೆ ಬಿತ್ತು, ಯಾವ ಮೇಷ್ಟ್ರು ಪಾಠ ಚೆನ್ನಾಗಿ ಮಾಡಿದರು, ಲ್ಯಾಬಿನಲ್ಲಿ ಏನು ಕಟ್ಟಿದಿರಿ ಅಂತ ಕೇಳಿದರೆ ಹುಡುಗ ಓಡಿಹೋಗುವುದಿಲ್ಲ, ಕೂತು ಮಾತಾಡುತ್ತಾನೆ. ಮಾತು ಬೆಳೆದು ಎರಡನೇ ಪಂಕ್ತಿ ತಪ್ಪಿಹೋಗುವ ಅಪಾಯ ಉಂಟು, ಅದೊಂದು ನೋಡಿಕೊಳ್ಳಬೇಕು.

ಇದನ್ನು ನಮ್ಮ ಕುಣಿಗಲ್ ಮಾವನಿಗೆ ಹೇಳಿದರೆ ಒಪ್ಪಲಿಲ್ಲ. "ಒಂದು ಅಂಕಿ ಹೇಳಕ್ಕೆ ಈ ಹುಡುಗರಿಗೇನು ಕಷ್ಟ?" ಅಂದರು. ಕಷ್ಟ ಏನು ಅಂತ ಅವರಿಗೇ ಎಲ್ಲರಿಗಿಂತ ಚೆನ್ನಾಗಿ ಗೊತ್ತು. ಸಕ್ಕರೆ ಕಾಯಿಲೆಯವರು. ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ ಮಾಡುವ ಶುಗರ್ ಟೆಸ್ಟ್ ಅವರ ಎಸ್‌ಜಿಪಿಎ. ಹಿಂದಿನ ಎರಡು ದಿನ ಮುದ್ದೆ ತಿಂದು, ಕೆರೆ ಸುತ್ತ ನಡೆದು, ಅದನ್ನು ಹೇಗೋ ದಾಟುತ್ತಾರೆ. ಆದರೆ ಡಾಕ್ಟರು ಬರೆಯುವುದು ಮೂರು ತಿಂಗಳ ಟೆಸ್ಟು, ಅದು ಸಿಜಿಪಿಎ. ರಕ್ತದ ಕೆಂಪುಕಣಗಳು ಸುಮಾರು 120 ದಿನ ಬದುಕಿ, ತಿಂದ ಪ್ರತಿ ಹೋಳಿಗೆಯ ಲೆಕ್ಕವನ್ನೂ ಮೈಮೇಲೆ ಬರೆದುಕೊಂಡಿರುತ್ತವೆ. ಆ ರಿಪೋರ್ಟು ಬಂದ ದಿನ ಅತ್ತೆ "ಎಷ್ಟು ಬಂತ್ರೀ?" ಅಂದರೆ ಮಾವನೂ ಫ್ಯಾನು ನೋಡುತ್ತಾರೆ.

ಒಂದು ವ್ಯತ್ಯಾಸ ಮಾತ್ರ ಇದೆ, ಅದನ್ನೂ ಅವರ ಕಿವಿಗೆ ಹಾಕಿದ್ದೇನೆ. ಮೂರು ತಿಂಗಳ ಟೆಸ್ಟಿನಲ್ಲಿ ಕೊನೆಯ ಒಂದು ತಿಂಗಳಿಗೇ ಹೆಚ್ಚುಕಡಿಮೆ ಅರ್ಧ ತೂಕ. ಹುಡುಗನ ಕೊನೆಯ ಸೆಮಿಸ್ಟರಿಗೆ ಇರುವುದು ಎಂಟರಲ್ಲಿ ಒಂದು ಪಾಲು. ಕೊನೆಯಲ್ಲಿ ಎಳೆದುಬಿಡುವ ಅವಕಾಶ ಇಬ್ಬರಲ್ಲಿ ಯಾರಿಗೆ ಜಾಸ್ತಿ ಅಂತ ಮಾವನೇ ಗುಣಿಸಿ ಭಾಗಿಸಿ ಹೇಳಲಿ, ಲಾಡು ಬಡಿಸುವವನು ಇವರ ಎಲೆ ಹತ್ತಿರ ಬರುವುದರೊಳಗೆ.